ಜನವರಿಯಲ್ಲೇ ಒಳ್ಳೆಯ ಅಂಕ ಬಂದವರಿಗೆ ಜೆಇಇ ಮೇನ್ ಏಪ್ರಿಲ್ ಸರದಿ: ಒಂದು ವಿಮರ್ಶೆ

ಪ್ರವೇಶ ಪರೀಕ್ಷೆಯೊಂದನ್ನು ಸೇವೆಯೆಂದು ಪರಿಗಣಿಸಿ ವಿಮರ್ಶೆ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಶುಲ್ಕ ಪಡೆದು, ದಿನ, ಪಾಳಿ ಮತ್ತು ಕೇಂದ್ರವನ್ನು ಗೊತ್ತುಮಾಡಿ, ಕೊನೆಗೊಂದು ಅಂಕಪಟ್ಟಿಯನ್ನು ಕೈಗಿಡುವ ವ್ಯವಸ್ಥೆಯನ್ನು ಸೇವೆಯೆನ್ನದೆ ಬೇರೇನೆನ್ನಬೇಕು? ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯನ್ನು ಈಗ ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ ಮತ್ತು ಏಪ್ರಿಲ್‌ನಲ್ಲಿ, ನಡೆಸುತ್ತದೆ. ಎರಡನ್ನೂ ಬರೆದವರ ಉತ್ತಮ ಅಂಕವನ್ನು ರ‍್ಯಾಂಕಿಗೆ ತೆಗೆದುಕೊಳ್ಳುತ್ತದೆ. ಜನವರಿಯಲ್ಲಿ ಅಂಕ ಕಡಿಮೆ ಬಂದವರಿಗೆ ಏಪ್ರಿಲ್ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ, ಅವರು ಬರೆಯಲೇಬೇಕು. ನಾನಿಲ್ಲಿ ಪರಿಶೀಲಿಸಲು ಹೊರಟಿರುವುದು ಜನವರಿಯಲ್ಲೇ 97, 98, 99 ಪರ್ಸೆಂಟೈಲ್ ತೆಗೆದುಕೊಂಡು, ಮನೆಯವರೆಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡು, ಆಮೇಲೆ ಮತ್ತೆ ಬರೆಯಬೇಕೇ ಎಂದು ತಲೆ ಕೆಡಿಸಿಕೊಳ್ಳುವವರ ದೃಷ್ಟಿಯಿಂದ ಈ ಎರಡನೆಯ ಸರದಿ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು. 2025ರ ಸಾಲಿನಲ್ಲಿ ನನ್ನ ಅಣ್ಣನ ಮಗಳು ಶಿವಮೊಗ್ಗದಲ್ಲಿ ದ್ವಿತೀಯ ಪಿಯು ಓದುತ್ತ 98.7 ಪರ್ಸೆಂಟೈಲ್‌ನೊಂದಿಗೆ ಇದೇ ಪ್ರಶ್ನೆಯ ಮುಂದೆ ನಿಂತಿದ್ದಳು. ಅರ್ಜಿ, ಲೆಕ್ಕಾಚಾರ, ಓಡಾಟ ಎಲ್ಲದರಲ್ಲೂ ನಾನು ಜೊತೆಗಿದ್ದೆ.

ಬೆಲೆಯ ವಿಷಯದಲ್ಲಿ ದೂರುವುದಕ್ಕೆ ಹೆಚ್ಚೇನೂ ಇಲ್ಲ. 2025ರಲ್ಲಿ ಸಾಮಾನ್ಯ ವರ್ಗದ ಹುಡುಗರಿಗೆ 1,000 ರೂಪಾಯಿ, ಹುಡುಗಿಯರಿಗೆ 800, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 500 ಶುಲ್ಕವಿತ್ತು. ಕೋಚಿಂಗ್‌ಗೆ ಲಕ್ಷಗಟ್ಟಲೆ ಸುರಿದಿರುವ ಮನೆಗಳಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಸುರಿಯದ ಮನೆಗಳಿಗೂ ಹೊರೆಯಾಗದ ಮೊತ್ತ. ಇದಕ್ಕೆ ಪ್ರತಿಯಾಗಿ ಸಿಗುವುದು ಮೂರು ಗಂಟೆಯ ಕಂಪ್ಯೂಟರ್ ಆಧಾರಿತ ಪರೀಕ್ಷೆ: ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಂದ ತಲಾ 25ರಂತೆ 75 ಪ್ರಶ್ನೆ, 300 ಅಂಕ, ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೆತ. 2021ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಎರಡನೆಯ ಸರದಿಯ ಅರ್ಜಿಯಲ್ಲಿ ಹಳೆಯ ಅರ್ಜಿ ಸಂಖ್ಯೆಯನ್ನೇ ಬಳಸಬೇಕಾದ್ದರಿಂದ ಎಲ್ಲವನ್ನೂ ಮೊದಲಿನಿಂದ ತುಂಬುವ ಗೋಳಿಲ್ಲ. ಒಂದೇ ವರ್ಷದ ಎರಡೂ ಸರದಿಗಳನ್ನು ಒಂದೇ ಪ್ರಯತ್ನವೆಂದು ಎಣಿಸುವುದರಿಂದ, ಸತತ ಮೂರು ವರ್ಷಗಳ ಮಿತಿಗೂ ಇದರಿಂದ ತೊಂದರೆಯಾಗುವುದಿಲ್ಲ.

ಈ ಸೇವೆಯ ಅತ್ಯಂತ ದೊಡ್ಡ ಗುಣವೆಂದರೆ ಇಲ್ಲಿ ಅಂಕದ ನಷ್ಟವಿಲ್ಲ. ಏಪ್ರಿಲ್‌ನಲ್ಲಿ ಕಡಿಮೆ ಬಂದರೆ ಜನವರಿಯದೇ ನಿಲ್ಲುತ್ತದೆ. ಆದರೆ ಇದರ ಬಗ್ಗೆ ಪೋಷಕರಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಜನವರಿಯ ಗಣಿತ ಮತ್ತು ಏಪ್ರಿಲ್‌ನ ಭೌತಶಾಸ್ತ್ರವನ್ನು ಹೆಕ್ಕಿ ಸೇರಿಸಿ ಒಂದು ಹೊಸ ಒಟ್ಟು ಮಾಡುತ್ತಾರೆಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಒಟ್ಟು ಅಂಕ ಯಾವ ಸರದಿಯಲ್ಲಿ ಹೆಚ್ಚೋ ಆ ಸರದಿ ಇಡಿಯಾಗಿ ಲೆಕ್ಕಕ್ಕೆ ಬರುತ್ತದೆ. ಬಿಡಿ ವಿಷಯಗಳ ಪರ್ಸೆಂಟೈಲ್ ಸಮಬಲವಾದಾಗ ಮಾತ್ರ, ಗಣಿತದಿಂದ ಮೊದಲ್ಗೊಂಡು, ನೋಡಲಾಗುತ್ತದೆ. ಹೀಗಾಗಿ ಜನವರಿಯಲ್ಲಿ ರಸಾಯನಶಾಸ್ತ್ರವೊಂದು ಕೈಕೊಟ್ಟಿತೆಂದು ಅದೊಂದನ್ನೇ ತಿದ್ದಿಕೊಳ್ಳಲು ಏಪ್ರಿಲ್‌ಗೆ ಹೋಗುವವರು ಉಳಿದೆರಡು ವಿಷಯಗಳನ್ನೂ ಅದೇ ಎತ್ತರದಲ್ಲಿ ಹಿಡಿದುಕೊಂಡಿರಬೇಕಾಗುತ್ತದೆ. ಮಾರ್ಚ್ ತಿಂಗಳಿಡೀ ಪಿಯು ಪರೀಕ್ಷೆಗೆ ಪ್ರಮೇಯ, ನಿಷ್ಪತ್ತಿ, ಸಮೀಕರಣಗಳನ್ನು ಬರೆದು ಬರೆದು ಅಭ್ಯಾಸ ಮಾಡಿದ ಮಕ್ಕಳಿಗೆ ಇದು ಹೇಳಿದಷ್ಟು ಸುಲಭವಲ್ಲ.

ಪರ್ಸೆಂಟೈಲ್ ಎಂಬುದರ ನಡಾವಳಿಯನ್ನು ಅರ್ಥಮಾಡಿಕೊಳ್ಳದೆ ಈ ನಿರ್ಧಾರವನ್ನು ಮಾಡಲಾಗದು. ಪರೀಕ್ಷೆ ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುತ್ತದೆ. ಪ್ರತಿ ಪಾಳಿಗೂ ಬೇರೆ ಪ್ರಶ್ನೆಪತ್ರಿಕೆ. ಆದ್ದರಿಂದ ನಿಮ್ಮ ಪಾಳಿಯಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರು ನೂರಕ್ಕೆ ಎಷ್ಟು ಮಂದಿ ಎಂಬುದೇ ನಿಮ್ಮ ಎನ್‌ಟಿಎ ಅಂಕ, ದಶಮಾಂಶದ ಏಳು ಸ್ಥಾನಗಳವರೆಗೆ. 2025ರ ಜನವರಿಯಲ್ಲಿ ಸುಮಾರು 12 ಲಕ್ಷ 58 ಸಾವಿರ ಮಂದಿ ಬರೆದರು, ಏಪ್ರಿಲ್‌ನಲ್ಲಿ ಸುಮಾರು 9 ಲಕ್ಷ 92 ಸಾವಿರ. ಎರಡು ಸಲ ಬರೆದವರನ್ನು ಒಂದೇ ಸಲ ಎಣಿಸಿದರೆ ಒಟ್ಟು ಸುಮಾರು 14 ಲಕ್ಷ 75 ಸಾವಿರ. ಸ್ಥೂಲವಾಗಿ ಹೇಳುವುದಾದರೆ ಪರ್ಸೆಂಟೈಲ್‌ನ ಹತ್ತನೆಯ ಒಂದು ಭಾಗ, ಅಂದರೆ 98.7ರಿಂದ 98.8ಕ್ಕೆ ಏರುವುದು, ಸಾವಿರದ ನಾಲ್ಕುನೂರರಿಂದ ಸಾವಿರದ ಐನೂರು ರ‍್ಯಾಂಕುಗಳ ಅಂತರ. ನಿಂತ ಜಾಗ ಎತ್ತರದ್ದೆಂದು ಕಂಡರೂ 98ಕ್ಕೂ 99ಕ್ಕೂ ನಡುವೆ ಸುಮಾರು ಹದಿನೈದು ಸಾವಿರ ಮಂದಿಯಿದ್ದಾರೆ. ಜೆಇಇ ಮೇನ್ ಮೂಲಕ ಸೀಟು ಕೊಡುವ ದೇಶದ 31 ಎನ್‌ಐಟಿ, ಅಂದರೆ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ, ಒಟ್ಟು ಸೀಟುಗಳೇ ಸುಮಾರು 24 ಸಾವಿರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಒಳ್ಳೆಯ ಅಂಕ ಬಂದವರಿಗೇ ಏಕೆ ಹೆಚ್ಚು ಚಡಪಡಿಕೆ ಎಂಬುದು ತಿಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಕೋಚಿಂಗ್‌ನವರು ಹೇಳಿದರೂ ಅರ್ಧವಷ್ಟೇ ಹೇಳುತ್ತಾರೆ. ಜನವರಿಯ ಫಲಿತಾಂಶದೊಂದಿಗೆ ರ‍್ಯಾಂಕ್ ಬರುವುದಿಲ್ಲ. ಅದು ಏಪ್ರಿಲ್‌ನ ನಂತರ, ಎರಡೂ ಸರದಿಗಳ ಉತ್ತಮ ಅಂಕಗಳನ್ನು ಒಟ್ಟುಗೂಡಿಸಿದ ಮೇಲೆ ಬರುತ್ತದೆ. ಜನವರಿಯಲ್ಲಿ 99ಕ್ಕೆ ಮೇಲಿದ್ದವರು ಹನ್ನೆರಡೂವರೆ ಸಾವಿರದಷ್ಟು. ಏಪ್ರಿಲ್‌ನಲ್ಲಿ 99ಕ್ಕೆ ಮೇಲೆ ಬರುವವರು ಹತ್ತು ಸಾವಿರಕ್ಕೆ ಸಮೀಪ. ಇವರಲ್ಲಿ ಅನೇಕರು ಜನವರಿಯಲ್ಲೂ ಅಲ್ಲೇ ಇದ್ದವರು, ಆದರೆ ಎಲ್ಲರೂ ಅಲ್ಲ. ಹೊಸದಾಗಿ ಮೇಲೇರಿ ಬಂದವರೂ ಇರುತ್ತಾರೆ. ಅವರು ಬಂದಷ್ಟೂ, ಮನೆಯಲ್ಲೇ ಕುಳಿತ 99ರವರ ಪರ್ಸೆಂಟೈಲ್ ಹಾಗೆಯೇ ಇದ್ದರೂ ರ‍್ಯಾಂಕ್ ಹಿಂದೆ ಸರಿಯುತ್ತದೆ. ಹೀಗಾಗಿ ಫೆಬ್ರವರಿಯಲ್ಲಿ ಜನವರಿಯ ಹಾಜರಾತಿಯನ್ನು ಮಾತ್ರ ಆಧರಿಸಿ ರ‍್ಯಾಂಕ್ ಅಂದಾಜು ಮಾಡಿ ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ. ಅರ್ಧವಷ್ಟೇ ಹೇಳುತ್ತಾರೆ ಎಂದೆನಲ್ಲ, ಉಳಿದರ್ಧ ಇದು: ಏಪ್ರಿಲ್‌ಗೆ ಬರುವ ಗುಂಪಿಗೆ ಎರಡು ತಿಂಗಳು ಹೆಚ್ಚಿನ ಸಿದ್ಧತೆಯಾಗಿರುತ್ತದೆ, ಪಠ್ಯಕ್ರಮ ಪೂರ್ತಿ ಮುಗಿದಿರುತ್ತದೆ, ಅಲ್ಲಿ ಜನವರಿಯಷ್ಟೇ ಚೆನ್ನಾಗಿ ಬರೆದರೆ ಜನವರಿಗಿಂತ ಕಡಿಮೆ ಪರ್ಸೆಂಟೈಲ್ ಬರುವ ಸಂಭವವೇ ಹೆಚ್ಚು.

ಅಣ್ಣನ ಮಗಳ ವಿಷಯದಲ್ಲಿ ಆದದ್ದೂ ಇದೇ. ಅವಳ ಪ್ರಕಾರ ಏಪ್ರಿಲ್‌ನ ಪತ್ರಿಕೆಯಲ್ಲಿ ಅವಳು ಹೆಚ್ಚು ಪ್ರಶ್ನೆಗಳನ್ನು ಬಿಡಿಸಿದ್ದಳು, ಗಣಿತದಲ್ಲಿ ಸಮಯವೂ ಸಾಕಾಯಿತು, ಬಂದದ್ದು 98.2. ಜನವರಿಯದೇ ಉಳಿಯಿತು. ಅವಳೇನೂ ಕುಗ್ಗಲಿಲ್ಲ, “ಹೋಗದೆ ಇದ್ದಿದ್ದರೆ ಹೋಗಬೇಕಿತ್ತು ಅಂತ ಜೀವನವಿಡೀ ಅನ್ನುತ್ತಿದ್ದೆ ಚಿಕ್ಕಪ್ಪ” ಎಂದಳು. ಆ ಮಾತಿನಲ್ಲಿ ಸತ್ಯವಿದೆಯಾದರೂ, ಎಂಟುನೂರು ರೂಪಾಯಿಗೆ ಸಿಗುವ ಈ ಸಮಾಧಾನವನ್ನು ಸೇವೆಯ ಗುಣಗಳ ಪಟ್ಟಿಯಲ್ಲಿ ಸೇರಿಸಲು ನಾನು ಸಿದ್ಧನಿಲ್ಲ. ಏಕೆಂದರೆ ನಿಜವಾದ ಬೆಲೆ ಶುಲ್ಕದಲ್ಲಿಲ್ಲ, ಪಂಚಾಂಗದಲ್ಲಿದೆ.

ಕರ್ನಾಟಕದ ವಿದ್ಯಾರ್ಥಿಯೊಬ್ಬರ 2025ರ ಪಂಚಾಂಗವನ್ನು ನೋಡಿ. ಜನವರಿ 22ರಿಂದ 29ರವರೆಗೆ ಮೊದಲ ಸರದಿಯ ಎಂಜಿನಿಯರಿಂಗ್ ಪತ್ರಿಕೆಗಳು. ಫೆಬ್ರವರಿ 11ಕ್ಕೆ ಫಲಿತಾಂಶ. ಎರಡನೆಯ ಸರದಿಯ ಅರ್ಜಿಗೆ ಫೆಬ್ರವರಿ 25 ಕೊನೆ. ಅಂದರೆ ಅಂಕ ಕಂಡ ಮೇಲೆ ಯೋಚಿಸುವುದಕ್ಕೆ ಎರಡೇ ವಾರ, ಅದೂ ಪ್ರಾಯೋಗಿಕ ಪರೀಕ್ಷೆಗಳು ಮತ್ತು ಪೂರ್ವಸಿದ್ಧತಾ ಪರೀಕ್ಷೆಗಳ ಗದ್ದಲದ ಆಸುಪಾಸಿನಲ್ಲಿ. ಮಾರ್ಚ್ 1ರಿಂದ 20ರವರೆಗೆ ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆ. ಏಪ್ರಿಲ್ 2ರಿಂದ 8ರವರೆಗೆ ಜೆಇಇ ಮೇನ್ ಎರಡನೆಯ ಸರದಿಯ ಎಂಜಿನಿಯರಿಂಗ್ ಪತ್ರಿಕೆಗಳು. ಏಪ್ರಿಲ್ 16 ಮತ್ತು 17ರಂದು ರಾಜ್ಯದ ಕಾಲೇಜುಗಳ ಪ್ರವೇಶಕ್ಕೆ ನಡೆಯುವ ಸಿಇಟಿ. ಮೇ 10ಕ್ಕೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ, ಮೇ 18ಕ್ಕೆ ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್‌ಡ್. ಏಪ್ರಿಲ್ ಸರದಿಯು ಪಿಯು ಪರೀಕ್ಷೆ ಮುಗಿದ ಎರಡು ವಾರಕ್ಕೆ, ಸಿಇಟಿಗೆ ಎರಡು ವಾರವೂ ಪೂರ್ತಿ ಇಲ್ಲದ ಹೊತ್ತಿಗೆ ಬಂದು ಕೂರುತ್ತದೆ. ದೆಹಲಿಯಲ್ಲೋ ಜೈಪುರದಲ್ಲೋ ಕುಳಿತವರಿಗೆ ಅದು ಬಿಡುವಿನ ಹೊತ್ತು ಇರಬಹುದು. ನಮ್ಮವರಿಗೆ ಅದು ಇಡೀ ವರ್ಷದ ಅತ್ಯಂತ ದುಬಾರಿ ಹದಿನೈದು ದಿನ.

ದುಬಾರಿ ಏಕೆಂದರೆ ಸಿಇಟಿ ಬೇರೆಯೇ ಜಾತಿಯ ಪರೀಕ್ಷೆ. ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿಗೆ ಕಳೆತವಿಲ್ಲ. ಜೆಇಇ ಮೇನ್‌ನಲ್ಲಿ ಒಂದು ಪ್ರಶ್ನೆಗೆ ಸರಾಸರಿ 2 ನಿಮಿಷ 24 ಸೆಕೆಂಡು ಸಿಕ್ಕರೆ ಇಲ್ಲಿ 1 ನಿಮಿಷ 20 ಸೆಕೆಂಡು. ಜೆಇಇಗೆ ಓದಿದವರಿಗೆ ಸಿಇಟಿ ತಾನೇತಾನಾಗಿ ಬರುತ್ತದೆ ಎಂಬ ಮಾತು ವಿಷಯಜ್ಞಾನದ ಮಟ್ಟಿಗೆ ನಿಜ, ವೇಗದ ಮಟ್ಟಿಗೆ ಅಲ್ಲ. ಗೊತ್ತಿಲ್ಲದ ಪ್ರಶ್ನೆಯನ್ನು ಬಿಡುವುದು ಅಲ್ಲಿ ಜಾಣತನ, ಇಲ್ಲಿ ನಷ್ಟ. ಕೈಗೆ ಒಂದು ಅಭ್ಯಾಸ ಹತ್ತಿದ ಮೇಲೆ ಎಂಟು ಹತ್ತು ದಿನಗಳಲ್ಲಿ ಅದನ್ನು ತಿರುಗಿಸಿಕೊಳ್ಳಬೇಕು. ಅಲ್ಲದೆ ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳದು. ಎನ್‌ಐಟಿಗೆ ಹೋಗುವುದಾದರೂ ಪಿಯುವಿನಲ್ಲಿ ಸಾಮಾನ್ಯ ವರ್ಗದವರಿಗೆ ಶೇ 75 ಅಂಕ, ಇಲ್ಲವೇ ತಮ್ಮ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನೊಳಗಿನ ಸ್ಥಾನ ಇರಲೇಬೇಕು. ಮಾರ್ಚ್‌ನಲ್ಲಿ ಪಿಯು ಉತ್ತರಪತ್ರಿಕೆಗೆ ಕೊಡಬೇಕಾದ ಗಮನವನ್ನು ಏಪ್ರಿಲ್‌ನ ಅರ್ಧ ಪರ್ಸೆಂಟೈಲ್‌ಗಾಗಿ ಹಂಚಿದವರು ಎರಡೂ ಕಡೆ ಕಳೆದುಕೊಂಡದ್ದನ್ನು ನಮ್ಮ ಪರಿಚಯದ ಮನೆಗಳಲ್ಲೇ ಕಂಡಿದ್ದೇನೆ. ನಮ್ಮ ಹುಡುಗಿ ಮಾರ್ಚ್‌ನಲ್ಲಿ ಪಿಯು ಪರೀಕ್ಷೆ ಮುಗಿಯುವವರೆಗೆ ಬೇರೆ ಪುಸ್ತಕ ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಅಂಕ ಏರದಿರಲು ಅದೂ ಕಾರಣವಿರಬಹುದು, ಕೊನೆಗೆ ಸಿಇಟಿ ರ‍್ಯಾಂಕಿನ ಮೇಲೆ ಬೆಂಗಳೂರಿನಲ್ಲಿ ಬೇಕಾದ ವಿಭಾಗವೇ ಸಿಗಲು ಅದೇ ಕಾರಣ.

ಹಾಗಾದರೆ ಯಾರು ಬರೆಯಬೇಕು? ಇದಕ್ಕೆ ಉತ್ತರ ಅಂಕದಲ್ಲಿಲ್ಲ. ಆ ಅಂಕದ ಮುಂದಿನ ಬಾಗಿಲು ಯಾವುದು, ಅದು ಎಷ್ಟು ದೂರದಲ್ಲಿದೆ ಎಂಬುದರಲ್ಲಿದೆ. ಐಐಟಿಯನ್ನೇ ಗುರಿಯಾಗಿಟ್ಟುಕೊಂಡವರನ್ನು ಮೊದಲು ನೋಡೋಣ. ಅಡ್ವಾನ್ಸ್‌ಡ್‌ಗೆ ಸುಮಾರು ಎರಡೂವರೆ ಲಕ್ಷ ಮಂದಿಯನ್ನು ಆರಿಸುತ್ತಾರೆ. 2025ರಲ್ಲಿ ಸಾಮಾನ್ಯ ವರ್ಗದ ಅರ್ಹತಾ ಗೆರೆ 93.10ರ ಆಸುಪಾಸಿನಲ್ಲಿತ್ತು, 2024ರಲ್ಲಿ 93.24, 2023ರಲ್ಲಿ 90.78. 98 ಬಂದವರು ಈ ಗೆರೆಯನ್ನು ಎಂದೋ ದಾಟಿದ್ದಾರೆ. ಐಐಟಿ ಸೀಟು ಅಡ್ವಾನ್ಸ್‌ಡ್ ರ‍್ಯಾಂಕಿನಿಂದ ಮಾತ್ರ ಸಿಗುತ್ತದೆ, ಅದರಲ್ಲಿ ಮೇನ್‌ನ ಒಂದಂಕವೂ ಸೇರುವುದಿಲ್ಲ. ಧಾರವಾಡದ ಐಐಟಿಗಾಗಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಆರಂಭಿಸಿದ ಗಣಿತ ಮತ್ತು ಗಣನೆಯ ಬಿ.ಟೆಕ್‌ಗಾಗಲಿ ಬೇಕಾದದ್ದು ಆ ಇನ್ನೊಂದು ಪರೀಕ್ಷೆ. ಅದನ್ನು ಸತತ ಎರಡು ವರ್ಷಗಳಲ್ಲಿ ಎರಡೇ ಸಲ ಬರೆಯಬಹುದು, ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದೆ, ಪ್ರಶ್ನೆಗಳ ಸ್ವರೂಪವೇ ಬೇರೆ. ಇಂಥವರು ಏಪ್ರಿಲ್‌ನಲ್ಲಿ ಮೇನ್ ಬರೆದು 98ನ್ನು 99 ಮಾಡಿಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಡ್ವಾನ್ಸ್‌ಡ್ ಕೈಕೊಟ್ಟರೆ ಎನ್‌ಐಟಿ ಇರಲಿ ಎಂಬ ಭದ್ರತೆಯ ವಾದವನ್ನು ಒಪ್ಪಬಹುದು, ಆದರೆ ಆಗಲೂ ತಯಾರಿ ಅಡ್ವಾನ್ಸ್‌ಡ್‌ಗೇ ನಡೆಯಬೇಕು, ಮೇನ್‌ಗೆ ಹೋಗಿ ಬಂದರೆ ಸಾಕು.

ಎನ್‌ಐಟಿ, ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಾದ ಐಐಐಟಿಗಳೇ ಗುರಿಯಾದವರಿಗೆ ಮಾತ್ರ ಏಪ್ರಿಲ್ ಸರದಿ ತನ್ನ ಪೂರ್ಣ ಬೆಲೆಯನ್ನು ಕೊಡುತ್ತದೆ. ನಮಗೆ ಎನ್‌ಐಟಿ ಎಂದರೆ ಮೊದಲು ಸುರತ್ಕಲ್ಲು. 1960ರಲ್ಲಿ ಕೆಆರ್‌ಇಸಿಯಾಗಿ ಆರಂಭವಾದ, ಈಗಲೂ ಕರಾವಳಿಯ ಹಿರಿಯರ ಬಾಯಲ್ಲಿ ಅದೇ ಹೆಸರಿನಿಂದ ಓಡಾಡುವ ಈ ಕಾಲೇಜಿನಲ್ಲಿ ಅರ್ಧದಷ್ಟು ಸೀಟು ಕರ್ನಾಟಕದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಮೀಸಲು. (ಕೋಚಿಂಗ್‌ಗೆಂದು ರಾಜಸ್ಥಾನದ ಕೋಟಾಕ್ಕೋ ಹೈದರಾಬಾದಿಗೋ ಹೋಗಿ ಅಲ್ಲಿಯ ಮಂಡಳಿಯಿಂದ ಪಾಸಾದವರು ಈ ಅರ್ಧವನ್ನು ಬಿಟ್ಟುಕೊಟ್ಟಂತೆ, ಪಿಯುವಿಗೆ ಹೊರರಾಜ್ಯಕ್ಕೆ ಕಳಿಸುವ ತಂದೆತಾಯಂದಿರು ಇದನ್ನು ವಿಚಾರಿಸಿದಂತೆ ಕಾಣುವುದಿಲ್ಲ.) ಹುಡುಗಿಯರಿಗೆ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟುಗಳೂ ಇರುವುದರಿಂದ ಅವರ ಮುಕ್ತಾಯ, ಅಂದರೆ ಕೊನೆಯ ಸೀಟು ಸಿಕ್ಕವರ, ರ‍್ಯಾಂಕನ್ನು ಬೇರೆಯಾಗಿಯೇ ನೋಡಬೇಕು. ಧಾರವಾಡ ಮತ್ತು ರಾಯಚೂರಿನ ಐಐಐಟಿಗಳಲ್ಲಿ ಸ್ವಂತ ರಾಜ್ಯದವರೆಂಬ ಪಾಲಿಲ್ಲ, ಅಲ್ಲಿ ದೇಶಕ್ಕೆಲ್ಲ ಒಂದೇ ಸಾಲು.

ಈ ಗುಂಪಿನವರು ಮಾಡಬೇಕಾದ ಕೆಲಸವೆಂದರೆ ಐಐಟಿ, ಎನ್‌ಐಟಿ ಸೀಟುಗಳನ್ನು ಹಂಚುವ ಜೋಸಾ ಜಾಲತಾಣದಲ್ಲಿ ಪ್ರತಿ ವರ್ಷದ, ಪ್ರತಿ ಸುತ್ತಿನ ಆರಂಭ ಮತ್ತು ಮುಕ್ತಾಯ ರ‍್ಯಾಂಕುಗಳ ಪಟ್ಟಿಯನ್ನು ತೆರೆದು, ತಮ್ಮ ವರ್ಗ, ತಮ್ಮ ರಾಜ್ಯದ ಪಾಲು, ಬೇಕಾದ ವಿಭಾಗ ಇವುಗಳನ್ನು ಆರಿಸಿ, ಕೊನೆಯ ಸುತ್ತಿನ ಅಂಕಿಗಳನ್ನು ತಮ್ಮ ಅಂದಾಜು ರ‍್ಯಾಂಕಿನ ಪಕ್ಕದಲ್ಲಿ ಬರೆದುಕೊಳ್ಳುವುದು. ನಾವು ಇದನ್ನೊಂದು ಭಾನುವಾರ ಕುಳಿತು ಮಾಡಿದೆವು. ಯಾವ ಕೋಚಿಂಗ್‌ನವರ ಉಪದೇಶಕ್ಕಿಂತಲೂ ಅದು ಹೆಚ್ಚು ಉಪಯೋಗಕ್ಕೆ ಬಂತು. ಕೆಲವರಿಗೆ ಮುಂದಿನ ಬಾಗಿಲು ಸಾವಿರ ರ‍್ಯಾಂಕಿನ ದೂರದಲ್ಲಿರುತ್ತದೆ. ಒಂದು ಪ್ರಶ್ನೆ ತಪ್ಪಿನಿಂದ ಸರಿಗೆ ಬದಲಾದರೆ ಐದು ಅಂಕದ ಏರಿಕೆ. ಕೈತಪ್ಪಿನಿಂದ ಹೋದ ಎರಡು ಮೂರು ಪ್ರಶ್ನೆಗಳನ್ನು ಮರಳಿ ಪಡೆದರೆ ಅಷ್ಟು ದೂರವನ್ನು ಕ್ರಮಿಸುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಅಂಥವರು ಅವಶ್ಯವಾಗಿ ಬರೆಯಬೇಕು. ಇನ್ನು ಕೆಲವರಿಗೆ ಸುರತ್ಕಲ್ಲಿನ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೇನೂ ಬೇಡ, ಅದಕ್ಕೂ ಅವರ ರ‍್ಯಾಂಕಿಗೂ ನಡುವೆ ಹತ್ತಾರು ಸಾವಿರ ಮಂದಿ. ಎರಡು ತಿಂಗಳಲ್ಲಿ, ಪಿಯು ಪರೀಕ್ಷೆಯನ್ನು ನಡುವೆ ಇಟ್ಟುಕೊಂಡು, ಆ ದೂರ ಸವೆಯುವ ಸಂಭವ ಕಡಿಮೆ. ಅವರು ಸಿಇಟಿಗೆ ತಿರುಗಿಕೊಳ್ಳುವುದೇ ಲೇಸು. ಇನ್ನೂ ಕೆಲವರ ಮನಸ್ಸಿನಲ್ಲಿ ಬೆಂಗಳೂರು ಬಿಟ್ಟು ಹೋಗುವ ಯೋಚನೆಯೇ ಇರುವುದಿಲ್ಲ, ಆರ್‌ವಿಯಲ್ಲೋ ಬಿಎಂಎಸ್‌ನಲ್ಲೋ ಸಿಇಟಿ ಸೀಟೇ ಬೇಕು. ಹೀಗಿದ್ದೂ ಏಪ್ರಿಲ್‌ನ ಜೆಇಇಗೆ ಹೋಗುವುದು ಸಹಪಾಠಿಗಳು ಹೋಗುತ್ತಾರೆಂದು.

ಸಹಪಾಠಿಗಳಿಗಿಂತ ಹೆಚ್ಚಾಗಿ ಕಾಲೇಜಿನವರು ತಳ್ಳುತ್ತಾರೆಂಬುದನ್ನೂ ಹೇಳಬೇಕು. ಕೋಚಿಂಗ್‌ನೊಂದಿಗೆ ಹೆಣೆದುಕೊಂಡ ಪಿಯು ಕಾಲೇಜುಗಳಲ್ಲಿ 98 ಬಂದವರನ್ನು ಕರೆದು ಕೂರಿಸಿ ಎರಡನೆಯ ಸರದಿಗೆ ವಿಶೇಷ ತರಗತಿ ಎಂದು ಘೋಷಿಸುವುದು ಈಗ ವಾಡಿಕೆಯಾಗಿದೆ. ಒಂದು ಮಗು 99 ದಾಟಿದರೆ ಅದಕ್ಕೆ ಆಗುವ ಲಾಭ ಒಂದು ವಿಭಾಗದ ಬದಲಾವಣೆಯಿದ್ದೀತು. ಕಾಲೇಜಿಗೆ ಮಾತ್ರ ಬಸ್ ನಿಲ್ದಾಣದ ಫ್ಲೆಕ್ಸಿನಲ್ಲಿ ಇನ್ನೊಂದು ಭಾವಚಿತ್ರ. ಇಬ್ಬರ ಹಿತವೂ ಒಂದೇ ಆಗಿರಬಹುದು, ಆಗಿಲ್ಲದಿರಲೂಬಹುದು. ವಿಶೇಷ ತರಗತಿಗೆ ಸೇರಿಸುವ ಮುನ್ನ ಹೆತ್ತವರು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ನಮ್ಮ ಹುಡುಗಿ ಆ ತರಗತಿಗೆ ಹೋಗದೆ ಮನೆಯಲ್ಲಿ ಕುಳಿತು ಜನವರಿಯ ಬೇರೆ ಬೇರೆ ಪಾಳಿಗಳ ಪ್ರಶ್ನೆಪತ್ರಿಕೆಗಳನ್ನೇ ಗಡಿಯಾರವಿಟ್ಟುಕೊಂಡು ಬಿಡಿಸಿದಳು. ಅವು ಉಚಿತವಾಗಿ ಸಿಗುತ್ತವೆ, ಅವುಗಳಿಗಿಂತ ಒಳ್ಳೆಯ ಅಣಕು ಪರೀಕ್ಷೆಯನ್ನು ಯಾರೂ ಮಾರುತ್ತಿಲ್ಲ.

ಸೇವೆಯ ಗುಣಮಟ್ಟದ ಬಗ್ಗೆ ಎರಡು ಮಾತು. ಪರೀಕ್ಷೆಯ ನಂತರ ಪ್ರತಿ ಅಭ್ಯರ್ಥಿಗೂ ಅವರದೇ ಉತ್ತರಗಳ ಪ್ರತಿ ಮತ್ತು ತಾತ್ಕಾಲಿಕ ಕೀ ಉತ್ತರ ಸಿಗುತ್ತದೆ. ಪ್ರಶ್ನೆಯೊಂದಕ್ಕೆ 200 ರೂಪಾಯಿ ಕಟ್ಟಿ ಆಕ್ಷೇಪ ಸಲ್ಲಿಸಬಹುದು. ಈ ಪಾರದರ್ಶಕತೆ ಮೆಚ್ಚತಕ್ಕದ್ದು, ರಾಜ್ಯದ ಎಷ್ಟೋ ಪರೀಕ್ಷೆಗಳಲ್ಲಿ ಇಷ್ಟು ಇಲ್ಲ. ಆದರೆ ಪ್ರಶ್ನೆಗಳ ನಿಖರತೆಯ ವಿಷಯದಲ್ಲಿ ಇದೇ ಮೆಚ್ಚುಗೆ ಸಲ್ಲದು. 2025ರ ಜನವರಿಯ ಅಂತಿಮ ಕೀ ಉತ್ತರದಲ್ಲಿ 12 ಪ್ರಶ್ನೆಗಳನ್ನು ಕೈಬಿಡಬೇಕಾಯಿತು. ಏಪ್ರಿಲ್‌ನಲ್ಲಿ ಅಂತಿಮ ಕೀ ಉತ್ತರವನ್ನು ಜಾಲತಾಣದಲ್ಲಿ ಹಾಕಿ, ಹಿಂತೆಗೆದುಕೊಂಡು, ಮರುದಿನ ಮತ್ತೆ ಹಾಕಿದರು. ಜನವರಿ 22ರಂದು ಬೆಂಗಳೂರಿನ ಒಂದು ಕೇಂದ್ರದಲ್ಲಿ ತಾಂತ್ರಿಕ ದೋಷವುಂಟಾಗಿ 114 ಅಭ್ಯರ್ಥಿಗಳಿಗೆ ಬೇರೆ ದಿನ ಪರೀಕ್ಷೆ ನಡೆಸಬೇಕಾಯಿತು. ಸಾಲಿನ ಕೆಳಭಾಗದಲ್ಲಿರುವವರಿಗೆ ಇವು ಸಣ್ಣ ಸಂಗತಿಗಳಿರಬಹುದು. 98ರ ಮೇಲಿರುವವರಿಗೆ ಒಂದು ಪ್ರಶ್ನೆ ನೂರಾರು ರ‍್ಯಾಂಕುಗಳ ಮಾತು. ಬಿಡಿಸಲು ಐದು ನಿಮಿಷ ವ್ಯಯಿಸಿದ ಪ್ರಶ್ನೆಯನ್ನೇ ಆಮೇಲೆ ಕೈಬಿಟ್ಟರೆ, ಅದನ್ನು ನೋಡಿ ಪಕ್ಕಕ್ಕೆ ಸರಿಸಿದವರಿಗೇ ಅನುಕೂಲ. ಈ ಅದೃಷ್ಟದ ಅಂಶ ಎತ್ತರಕ್ಕೆ ಹೋದಷ್ಟೂ ಹೆಚ್ಚುತ್ತದೆ ಎಂಬ ಕಾರಣಕ್ಕೇ ಎರಡು ಸರದಿಗಳಿರುವುದು ನ್ಯಾಯವೆಂದು ನಾನು ಒಪ್ಪುತ್ತೇನೆ.

ನನ್ನ ಲೆಕ್ಕದಲ್ಲಿ ಈ ಸೇವೆಗೆ ಐದಕ್ಕೆ ಮೂರೂವರೆ. ಕಳೆದ ಒಂದೂವರೆಯಲ್ಲಿ ಒಂದು ಅದರ ದಿನಾಂಕಗಳಿಗೆ, ಅರ್ಧ ಕೀ ಉತ್ತರದ ಎಡವಟ್ಟುಗಳಿಗೆ. ಫೆಬ್ರವರಿಯಲ್ಲಿ ಶುಲ್ಕ ಕಟ್ಟಿ, ಪಿಯು ಪರೀಕ್ಷೆ ಮುಗಿಯುವ ಹೊತ್ತಿಗೆ ಮನಸ್ಸು ಬದಲಾಗಿ, ಕಟ್ಟಿದ ಹಣಕ್ಕಾಗಿಯಾದರೂ ಹೋಗಬೇಕಲ್ಲ ಎಂದು ಒದ್ದಾಡುವವರಿಗೆ ಒಂದು ಮಾಹಿತಿ: ಏಪ್ರಿಲ್‌ಗೆ ಹಾಜರಾಗದಿದ್ದರೆ ಜನವರಿಯ ಅಂಕಕ್ಕೆ ಯಾವ ಬಾಧಕವೂ ಇಲ್ಲ, ರ‍್ಯಾಂಕಿಗೆ ಅದನ್ನೇ ತೆಗೆದುಕೊಳ್ಳುತ್ತಾರೆ. ಶುಲ್ಕ ಹಿಂದಿರುಗುವುದಿಲ್ಲ, ಅಷ್ಟೆ. ಆ ದಿನ ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಎಂಬತ್ತು ನಿಮಿಷಕ್ಕೆ ಗಂಟೆ ಇಟ್ಟುಕೊಂಡು ಬಿಡಿಸಬಹುದು.